ದಡ್ಡ ಅನ್ನುವ ಮೊದಲು

ಒಂಬತ್ತನೇ ತರಗತಿಯ ಹುಡುಗನೊಬ್ಬನ ವಿಜ್ಞಾನದ ನೋಟ್‌ಬುಕ್ ತಿದ್ದುತ್ತಿದ್ದೆ. ಚಲನೆಯ ಪಾಠ. ಬೋರ್ಡಿನ ಮೇಲೆ ನಾನು ಬರೆದಿದ್ದ ಸಮೀಕರಣದಲ್ಲಿ ಆರಂಭಿಕ ವೇಗಕ್ಕೆ ಇಂಗ್ಲಿಷಿನ ‘ಯು’ ಅಕ್ಷರ ಹಾಕುವುದು ರೂಢಿ. ಆ ಅಕ್ಷರ ಇರಬೇಕಾದ ಕಡೆಯಲ್ಲೆಲ್ಲ ಅವನು 4 ಎಂದು ಬರೆದುಕೊಂಡಿದ್ದ. ಒಂದು ಸಲ ಅಲ್ಲ, ಎರಡು ಪುಟದುದ್ದಕ್ಕೂ. ಲೆಕ್ಕ ಬಿಡಿಸುವಾಗ ಆ ನಾಲ್ಕನ್ನು ನಿಜವಾಗಿಯೂ ಕೂಡಿ ಉತ್ತರ ತೆಗೆದಿದ್ದ. ಕೂಡಿದ್ದು ಸರಿ, ಗುಣಿಸಿದ್ದು ಸರಿ, ಉತ್ತರ ಮಾತ್ರ ತಪ್ಪು. ಕಿರುಪರೀಕ್ಷೆಯಲ್ಲಿ ಅವನಿಗೆ ಬಂದಿದ್ದು 20ಕ್ಕೆ 6.

ಸ್ಟಾಫ್‌ರೂಮಿನಲ್ಲಿ ಅವನ ವಿಚಾರ ಆಗಲೇ ತೀರ್ಮಾನವಾಗಿತ್ತು. ‘ಅವನ ತಲೆಗೆ ಹತ್ತಲ್ಲ ಬಿಡಿ, ಪಾಸಾದರೆ ಸಾಕು’ ಎಂಬ ಮಾತಿಗೆ ನಾನೂ ತಲೆಯಾಡಿಸಿದ್ದೆ. ಆ ನಾಲ್ಕುಗಳನ್ನು ನೋಡಿದ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು. ಮರುದಿನ ಅವನನ್ನು ಅವನ ಜಾಗದಲ್ಲೇ ನಿಲ್ಲಿಸಿ ಬೋರ್ಡಿನಲ್ಲಿದ್ದದ್ದನ್ನು ಓದಿಸಿದೆ. ಓದಲಿಲ್ಲ, ಪಕ್ಕದವನ ಪುಸ್ತಕದ ಕಡೆ ಕಣ್ಣು ಹಾಯಿಸಿದ. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಎರಡೂ ಕಣ್ಣಿಗೆ ಮೈನಸ್ ಎರಡೂವರೆ. ಕನ್ನಡಕ ಬಂದ ದಿನ ಮಧ್ಯಾಹ್ನದ ಊಟ ಮುಗಿಸಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ಸಾರ್, ಬೋರ್ಡಿನ ಮೂಲೇಲಿ ತಾರೀಖು ದಿನಾ ಬರೀತಿದ್ರಾ?’

ದಿನಾ ಬರೆಯುತ್ತಿದ್ದೆವು. ಒಂಬತ್ತು ವರ್ಷ ಶಾಲೆಗೆ ಬಂದ ಮಗುವಿಗೆ ಅದು ಗೊತ್ತಿರಲಿಲ್ಲ.

ಓದು ಹತ್ತುವುದಕ್ಕೂ ಹತ್ತದಿರುವುದಕ್ಕೂ ನಮ್ಮಲ್ಲಿ ಸಿದ್ಧ ಕಾರಣಗಳಿವೆ. ಬುದ್ಧಿ, ಶ್ರದ್ಧೆ, ಛಲ, ಆಸಕ್ತಿ, ಇವು ಯಾವುದೂ ಹೊಂದದಿದ್ದರೆ ಹಣೆಬರಹ. ಎಲ್ಲವೂ ಮಗುವಿನೊಳಗೇ ಇರುವಂಥವು. ಮಗುವಿನೊಳಗೆ ಇರುವುದು ಸುಳ್ಳಲ್ಲ. ಆದರೆ ಅಲ್ಲಿಗೆ ಅವು ಹೇಗೆ ಬಂದವು, ಯಾವುದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹತ್ತಿರ ಕೂತು ನೋಡುವವರು ಕಡಿಮೆ. ಎರಡು ದಶಕಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಪಾಠ ಮಾಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ‘ವೈಯಕ್ತಿಕ’ ಎಂದು ನಾವು ಮಕ್ಕಳ ಹೆಗಲಿಗೆ ಹೊರಿಸುವ ಬಹುಪಾಲು ಸಂಗತಿಗಳನ್ನು ಹೊರಗಿನವರು ಕಾಣಬಹುದು, ಕಂಡರೆ ಸರಿಪಡಿಸಲೂಬಹುದು.

ಕಣ್ಣಿನ ವಿಚಾರವನ್ನೇ ಇನ್ನಷ್ಟು ಹೇಳಬೇಕು, ಏಕೆಂದರೆ ಇದರಷ್ಟು ಅಗ್ಗದಲ್ಲಿ ಪರಿಹಾರವಾಗುವ ದಡ್ಡತನ ಇನ್ನೊಂದಿಲ್ಲ. ಚೀನಾದ ಗ್ರಾಮೀಣ ಭಾಗದ ಇನ್ನೂರೈವತ್ತಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ದೂರದೃಷ್ಟಿ ಮಂದವಾಗಿದ್ದ ಕೆಲವು ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಟ್ಟರು, ಇನ್ನು ಕೆಲವರಿಗೆ ಬರೀ ಚೀಟಿ ಬರೆದುಕೊಟ್ಟು ಕಳಿಸಿದರು. ವರ್ಷದ ಕೊನೆಯಲ್ಲಿ ಕನ್ನಡಕ ಸಿಕ್ಕವರ ಗಣಿತದ ಅಂಕ ಏರಿತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಪಾಠ ಬದಲಾಗಿರಲಿಲ್ಲ, ಮೇಷ್ಟ್ರು ಬದಲಾಗಿರಲಿಲ್ಲ. ನಮ್ಮಲ್ಲೂ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ವ್ಯವಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆದರೆ ತಂಡ ಬಂದ ದಿನ ಗೈರಾದ ಮಗು, ‘ಹೆಣ್ಣುಮಗಳಿಗೆ ಕನ್ನಡಕ ಹಾಕಿದರೆ ಮುಂದೆ ಗಂಡು ಸಿಗುವುದು ಕಷ್ಟ’ ಎಂದು ಹಾಕಲು ಬಿಡದ ಮನೆ, ಮುರಿದ ಕಡ್ಡಿಗೆ ದಾರ ಸುತ್ತಿಕೊಂಡು ಕೊನೆಗೆ ಪೆಟ್ಟಿಗೆಯಲ್ಲೇ ಇಟ್ಟುಬಿಡುವ ಹುಡುಗ, ಇವರನ್ನೆಲ್ಲ ಹುಡುಕಬೇಕಾದವರು ದಿನಾ ಎದುರಿಗೆ ನಿಲ್ಲುವ ನಾವೇ.

ಮರುವರ್ಷ ಹತ್ತನೇ ತರಗತಿಯಲ್ಲಿ ಮಾನವನ ಕಣ್ಣಿನ ಪಾಠ ಬಂತು. ಸಮೀಪದೃಷ್ಟಿ ದೋಷಕ್ಕೆ ನಿಮ್ನ ಮಸೂರ ಎಂದು ಹೇಳುವಷ್ಟರಲ್ಲಿ ಆ ಹುಡುಗ ಎದ್ದು ನಿಂತು ತನ್ನ ಕನ್ನಡಕ ತೆಗೆದು ಪುಸ್ತಕದ ಮೇಲೆ ಹಿಡಿದ. ಅಕ್ಷರಗಳು ಚಿಕ್ಕದಾಗಿ ಕಾಣುವುದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದ. ಆ ಪಾಠವನ್ನು ಆ ವರ್ಷ ಅವನಷ್ಟು ಚೆನ್ನಾಗಿ ನಾನೂ ಮಾಡಲಿಲ್ಲ.

ಕಣ್ಣಿನ ಹಾಗೆಯೇ ರಕ್ತ. ಮಧ್ಯಾಹ್ನದ ಮೊದಲ ಪಿರಿಯಡ್‌ನಲ್ಲಿ ಬೆಂಚಿಗೆ ತಲೆ ಆನಿಸುವ ಹುಡುಗಿಯರು ಪ್ರತಿ ತರಗತಿಯಲ್ಲೂ ಇರುತ್ತಾರೆ. ‘ಬೆಳೆದ ಹುಡುಗಿ, ಸೋಮಾರಿತನ’ ಎಂದು ಬೈಸಿಕೊಳ್ಳುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31. ಮಿದುಳಿಗೆ ಆಮ್ಲಜನಕ ಒಯ್ಯುವುದೇ ಕಡಿಮೆಯಾದಾಗ ಗಮನ ಎಲ್ಲಿಂದ ನಿಲ್ಲಬೇಕು? ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಶಾಲೆಗೆ ಬರುತ್ತದೆ. ಅದು ಎಷ್ಟೋ ಸಲ ಕಿಟಕಿಯಾಚೆಗೆ ಹೋಗುತ್ತದೆ. ಏಕೆಂದರೆ ನುಂಗಿದ ಮರುದಿನ ಮಲ ಕಪ್ಪಾಗುತ್ತದೆ, ಮಕ್ಕಳು ಹೆದರುತ್ತಾರೆ. ಹಾಗಾಗುವುದು ಸಹಜ ಎಂದು ಮೊದಲೇ ಹೇಳಿದರೆ ಅರ್ಧ ಮಾತ್ರೆಗಳು ಉಳಿಯುತ್ತವೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಇದನ್ನು ಪಾಲಕರ ಸಭೆಯಲ್ಲಿ ಅಂಕಪಟ್ಟಿ ಕೊಡುವ ಮೊದಲು ಹೇಳಬೇಕು ಎಂಬುದು ನನ್ನ ಹಟ.

ನಿದ್ದೆಯ ಬಗ್ಗೆ ಎರಡೇ ಮಾತು. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಹನ್ನೊಂದಕ್ಕೆ ಮಲಗಿದ ಮಕ್ಕಳನ್ನು ನಾಲ್ಕು ಗಂಟೆಗೆ ಫೋನ್ ಮಾಡಿ ಎಬ್ಬಿಸುವುದನ್ನು ನಾವು ಕಾಳಜಿ ಎಂದುಕೊಂಡಿದ್ದೇವೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತಡವಾಗಿ ಬರುತ್ತದೆ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂದು ನಿದ್ರಾತಜ್ಞರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಾಲ್ಕು ಗಂಟೆಗೆ ಏಳಬೇಕಾದ ಮಗು ಎಂಟಕ್ಕೇ ಮಲಗಲಿ, ಟಿವಿ ಆರಿಸುವುದು ದೊಡ್ಡವರ ಕೆಲಸ.

ಇನ್ನು ಓದುವ ಬಗೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಶ್ರಮಪಡುವ ಮಗು ಸೋಲುವುದನ್ನು ನೋಡಿದಾಗಲೇ ಹೆಚ್ಚು ಸಂಕಟವಾಗುವುದು. ‘ಸಾರ್, ಐದು ಸಲ ಓದಿದೀನಿ, ಪರೀಕ್ಷೇಲಿ ಏನೂ ನೆನಪಾಗಲಿಲ್ಲ’ ಎಂದು ಅಳುವ ಮಕ್ಕಳಿಗೆ ‘ಹತ್ತು ಸಲ ಓದು’ ಎಂದು ನಾವು ಹೇಳಿಬಿಡುತ್ತೇವೆ. ಅದು ಬಾಗಿಲಿಲ್ಲದ ಗೋಡೆಗೆ ಇನ್ನೊಮ್ಮೆ ಹಣೆ ಚಚ್ಚಿಕೋ ಎಂದ ಹಾಗೆ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟ. ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಜಾರಿಹೋಗುತ್ತದೆ, ಆಮೇಲೆ ಜಾರುವಿಕೆ ನಿಧಾನವಾಗುತ್ತದೆ. ತಡೆಯುವುದು ಹೇಗೆ ಎಂಬುದಕ್ಕೆ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಕಥೆಯ ಹಾಗೆ ಹೇಳುತ್ತೇನೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಹಾಳೆ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಎರಡು ಸಲ ಓದಿದವರೇ ಮುಂದೆ: ಅವರಿಗೆ ಶೇ 81ರಷ್ಟು ನೆನಪಿತ್ತು, ಬರೆದವರಿಗೆ ಶೇ 75. ವಾರ ಕಳೆದ ಮೇಲೆ ಕೇಳಿದಾಗ ಲೆಕ್ಕ ತಲೆಕೆಳಗಾಗಿತ್ತು. ಎರಡು ಸಲ ಓದಿದವರಲ್ಲಿ ಉಳಿದದ್ದು ಶೇ 42, ಮುಚ್ಚಿಟ್ಟು ಬರೆದವರಲ್ಲಿ ಶೇ 56. ಓದಿದ ತಕ್ಷಣ ‘ಬಂತು, ಬಂತು’ ಅನ್ನಿಸುವ ಭಾವನೆ ಮೋಸ ಮಾಡುತ್ತದೆ. ಪುಸ್ತಕ ಮುಚ್ಚಿದಾಗ ತಡಕಾಡಿ, ಎಳೆದು ತಂದದ್ದೇ ಉಳಿಯುತ್ತದೆ.

ಇದಕ್ಕೆ ನಮ್ಮಲ್ಲಿ ಹಳೆಯ ಮಾತೊಂದಿದೆ: ಒಪ್ಪಿಸುವುದು. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು. ಪುಸ್ತಕ ಕೊಟ್ಟು, ಕೈಕಟ್ಟಿ ನಿಂತು, ಮೇಷ್ಟ್ರ ಮುಂದೆ ಒಳಗಿನಿಂದ ಹೊರಗೆ ತೆಗೆಯಬೇಕು. ಉರು ಹೊಡೆಸುವುದರ ಮೇಲಿನ ಸಿಟ್ಟಿನಲ್ಲಿ ನಾವು ಒಪ್ಪಿಸುವುದನ್ನೂ ಬಿಟ್ಟುಬಿಟ್ಟೆವು. ಅರ್ಥವಿಲ್ಲದೆ ಉರು ಹೊಡೆಯುವುದು ಬೇಡ, ನಿಜ. ಅರ್ಥ ಮಾಡಿಕೊಂಡದ್ದನ್ನು ಒಪ್ಪಿಸುವುದು ಬೇಕೇ ಬೇಕು. ನನ್ನ ತರಗತಿಯ ಹುಡುಗಿಯೊಬ್ಬಳ ಮನೆಗೆ ಹೋದಾಗ ಕಂಡದ್ದು ಇದು. ಅಜ್ಜಿ ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದರು. ಮೊಮ್ಮಗಳು ಎದುರಿಗೆ ಕೂತು, ಪುಸ್ತಕ ಮಗುಚಿ ಹಾಕಿ, ಎಲೆ ಹೇಗೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ ಎಂದು ಹೇಳುತ್ತಿದ್ದಳು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ‘ಅಲ್ಲ ಕಣವ್ವ, ರಾತ್ರಿ ಬಿಸಿಲಿರಲ್ವಲ್ಲ, ಆವಾಗ ಗಿಡ ಉಪವಾಸ ಇರುತ್ತಾ?’ ಎಂದು ಕೇಳಿದರು. ಹುಡುಗಿ ತಬ್ಬಿಬ್ಬಾದಳು. ಪುಸ್ತಕ ತಿರುಗಿಸಿ, ಹುಡುಕಿ, ಹಗಲು ಮಾಡಿಟ್ಟುಕೊಂಡ ಪಿಷ್ಟದ ಸಂಗತಿಯನ್ನು ಅಜ್ಜಿಗೆ ವಿವರಿಸಿದಳು. ಅದಕ್ಕಿಂತ ಒಳ್ಳೆಯ ಟ್ಯೂಷನ್ ನಾನು ಎಲ್ಲೂ ಕಂಡಿಲ್ಲ.

ಬುದ್ಧಿ ಎಂಬುದರ ಬಗ್ಗೆ ಏನು ಹೇಳಲಿ? ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿಮಟ್ಟದ ಪರೀಕ್ಷೆ ನಡೆಸಿ ಸುಮಾರು ಒಂದೂವರೆ ಸಾವಿರ ಅತಿ ಜಾಣ ಮಕ್ಕಳನ್ನು ಆರಿಸಿ, ಬದುಕಿನುದ್ದಕ್ಕೂ ಅವರ ಜಾಡು ಹಿಡಿದು ಹೋಗುವ ಅಧ್ಯಯನ ಶುರುಮಾಡಿದ. ಆ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಹೊರಗುಳಿದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದರು. ಒಬ್ಬರು 1956ರಲ್ಲಿ, ಇನ್ನೊಬ್ಬರು 1968ರಲ್ಲಿ. ಆಯ್ಕೆಯಾದ ಯಾರಿಗೂ ಆ ಪ್ರಶಸ್ತಿ ಬರಲಿಲ್ಲ.

ಮಗು ತನ್ನ ಬಗ್ಗೆ ಏನು ನಂಬಿದೆ ಎಂಬುದು ಅಂಕಪಟ್ಟಿಯೊಳಗೆ ಕಾಣದ ಹಾಗೆ ಸೇರಿಕೊಳ್ಳುತ್ತದೆ. ಇದರ ಬಗ್ಗೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗವನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು. ಮೇಲ್ಜಾತಿಗಳ 321 ಹುಡುಗರು, ಕೆಳಜಾತಿಗಳ 321 ಹುಡುಗರು. ಕಾಗದದ ಮೇಲೆ ಬರೆದ ಚಕ್ರವ್ಯೂಹದಂಥ ಒಗಟುಗಳಲ್ಲಿ ದಾರಿ ಹುಡುಕಬೇಕು, ಬಿಡಿಸಿದ್ದಕ್ಕೆ ಹಣ. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡೂ ಗುಂಪಿನ ಹುಡುಗರು ಹೆಚ್ಚುಕಡಿಮೆ ಸಮಾನವಾಗಿ ಬಿಡಿಸಿದರು. ಆಟಕ್ಕೆ ಮುಂಚೆ ಎಲ್ಲರೆದುರು ಹುಡುಗನ ಹೆಸರು, ಊರು, ಜಾತಿ ಓದಿ ಹೇಳಿದಾಗ ಕೆಳಜಾತಿಗಳ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಣನೀಯವಾಗಿ ಕುಸಿಯಿತು. ಅವೇ ಕೈ, ಅವೇ ಕಣ್ಣು, ಅದೇ ಬುದ್ಧಿ. ನಡುವೆ ಬಿದ್ದದ್ದು ಒಂದು ಘೋಷಣೆ.

ಓದಿದಾಗ ನನಗೆ ನೆನಪಾದದ್ದು ನಮ್ಮದೇ ತರಗತಿಗಳು. ಪಾಠದ ನಡುವೆ ಬಾಗಿಲಲ್ಲಿ ಯಾರಾದರೂ ನಿಂತು ‘ಎಸ್‌ಸಿ, ಎಸ್‌ಟಿ ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ಲಿ’ ಎನ್ನುತ್ತಾರೆ. ಮಕ್ಕಳು ಎದ್ದು ನಿಲ್ಲುತ್ತಾರೆ. ಕೆಟ್ಟ ಉದ್ದೇಶ ಯಾರದೂ ಇರುವುದಿಲ್ಲ, ಅರ್ಜಿ ತುಂಬಿಸುವ ಅವಸರ ಅಷ್ಟೆ. ಆದರೆ ಆ ಅರ್ಧ ನಿಮಿಷದಲ್ಲಿ ಉತ್ತರ ಪ್ರದೇಶದ ಆ ಪ್ರಯೋಗ ನಮ್ಮ ಶಾಲೆಯಲ್ಲಿ ನಡೆದುಹೋಗುತ್ತದೆ. ಕೆಲವೊಮ್ಮೆ ಗಣಿತದ ಪರೀಕ್ಷೆಯ ದಿನವೇ. ಅರ್ಜಿಗಳನ್ನು ಲಕೋಟೆಯಲ್ಲಿಟ್ಟು ಮನೆಗೆ ಕಳಿಸಬಹುದು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯಬಹುದು. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಹೊಗಳಿಕೆಯೂ ಕೆಡಿಸಬಲ್ಲದು. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ‘ನೀನು ಜಾಣ’ ಎಂದು ಹೊಗಳಿಸಿಕೊಂಡವರು ಸೋಲು ಎದುರಾದಾಗ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಪ್ರಯತ್ನಪಟ್ಟೆ’ ಅನ್ನಿಸಿಕೊಂಡವರು ಇನ್ನೂ ಕಷ್ಟದ ಲೆಕ್ಕ ಕೇಳಿದರು. ನಮ್ಮ ಊರಿನ ಕಡೆ ಮೊದಲ ರ‍್ಯಾಂಕಿನ ಮಕ್ಕಳು ಪಿಯುಸಿಯಲ್ಲಿ ಒಂದೇ ಕಿರುಪರೀಕ್ಷೆಗೆ ಕುಸಿದು ಕೂರುವುದನ್ನು ನೋಡಿದವರಿಗೆ ಇದು ಹೊಸ ಸುದ್ದಿಯಲ್ಲ.

ಆ ಕುಸಿತಕ್ಕೆ ಇನ್ನೊಂದು ಕಾರಣ ಇದೆ. ಕರ್ನಾಟಕದಲ್ಲಿ ವಿದ್ಯಾರ್ಥಿಯ ದಾರಿ ತಿರುಗುವುದು ಹೆಚ್ಚಾಗಿ ಪಿಯುಸಿಯಲ್ಲೇ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿ, 625ಕ್ಕೆ 590 ತೆಗೆದುಕೊಂಡ ಹುಡುಗಿ ಜೂನ್‌ನಲ್ಲಿ ಪಿಯು ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಕಾಲಿಡುತ್ತಾಳೆ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಅವಳಿಗೆ ವೇಗೋತ್ಕರ್ಷ ಗೊತ್ತು, ಆದರೆ ಉಪನ್ಯಾಸಕರು ಹೇಳುತ್ತಿರುವ ಆಕ್ಸಲರೇಷನ್ ಅದೇ ಎಂದು ಗೊತ್ತಿಲ್ಲ. ಸಂವೇಗ ಗೊತ್ತು, ಮೊಮೆಂಟಮ್ ಗೊತ್ತಿಲ್ಲ. ವಕ್ರೀಭವನವನ್ನು ಚಿತ್ರ ಬರೆದು ತೋರಿಸಬಲ್ಲಳು, ರಿಫ್ರಾಕ್ಷನ್ ಎಂದಾಗ ರಿಫ್ಲೆಕ್ಷನ್ ಎಂದು ಕೇಳಿಸಿಕೊಳ್ಳುತ್ತಾಳೆ. ಉತ್ಕರ್ಷಣ, ಅಪಕರ್ಷಣ, ವಿಭವಾಂತರ, ತಟಸ್ಥೀಕರಣ, ಹತ್ತು ವರ್ಷ ಕೂಡಿಟ್ಟ ನಾಣ್ಯಗಳೆಲ್ಲ ಒಂದೇ ಬೆಳಗಿಗೆ ಚಲಾವಣೆ ಕಳೆದುಕೊಂಡ ಹಾಗೆ. ಮೊದಲ ಪರೀಕ್ಷೆಯಲ್ಲಿ ಫೇಲ್. ಆಗ ಅವಳು ‘ನನಗೆ ಇಂಗ್ಲಿಷಿನ ಪದಗಳು ಬರುವುದಿಲ್ಲ’ ಎಂದುಕೊಳ್ಳುವುದಿಲ್ಲ. ‘ನನಗೆ ಸೈನ್ಸ್ ಆಗಲ್ಲ’ ಎಂದುಕೊಳ್ಳುತ್ತಾಳೆ. ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಎಷ್ಟು ಹೆಣ್ಣುಮಕ್ಕಳ ಓದು ಮುಳುಗಿಹೋಗಿದೆಯೋ!

ನಾನು ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳಿಂದ ಒಂದು ಕೆಲಸ ಮಾಡಿಸುತ್ತೇನೆ. ನೂರು ಪುಟದ ನೋಟ್‌ಬುಕ್, ಪುಟದ ನಡುವೆ ಒಂದು ಗೆರೆ. ಎಡಕ್ಕೆ ಕನ್ನಡದ ಪಾರಿಭಾಷಿಕ ಪದ, ಬಲಕ್ಕೆ ಇಂಗ್ಲಿಷಿನದು, ಕೆಳಗೆ ತಮ್ಮದೇ ಮಾತಿನಲ್ಲಿ ಒಂದು ವಾಕ್ಯ. ದಿನಕ್ಕೆ ಹತ್ತು ಪದ. ಎರಡು ತಿಂಗಳಲ್ಲಿ ಆರುನೂರು. ಹತ್ತನೇ ತರಗತಿಯ ವಿಜ್ಞಾನ, ಗಣಿತದ ಮುಖ್ಯ ಪದಗಳಿಗೆ ಅಷ್ಟು ಸಾಕು. ಇದನ್ನು ಮುಗಿಸಿಕೊಂಡು ಹೋದ ಮಕ್ಕಳೂ ಪಿಯುಸಿಯಲ್ಲಿ ಒದ್ದಾಡುತ್ತಾರೆ, ಆದರೆ ಒದ್ದಾಟ ಪದಗಳ ಜೊತೆಗೆ ಎಂದು ಅವರಿಗೆ ಗೊತ್ತಿರುತ್ತದೆ. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5, ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15 ಮೀಸಲಾತಿ ಇದೆ, ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಇದನ್ನು ಅವರಿಗೆ ಮೊದಲೇ ಹೇಳಬೇಕು. ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಕೊನೆಯ ಗಳಿಗೆಯಲ್ಲಿ ತರಲು ಓಡಾಡಿದ ಮನೆಗಳು ಒಂದೆರಡಲ್ಲ.

ಛಲದ ಮಾತಿಗೆ ಬಂದರೆ ನಮ್ಮ ಭಾಷಣಗಳಲ್ಲಿ ಎರಡು ಹೆಸರು ತಪ್ಪದೆ ಬರುತ್ತವೆ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿ, ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯ. ಇಬ್ಬರ ಬಗ್ಗೆಯೂ ನನಗೆ ಅಪಾರ ಗೌರವ. ಅದಕ್ಕಾಗಿಯೇ ಕಥೆಯ ಉಳಿದರ್ಧವನ್ನೂ ಹೇಳಬೇಕು. ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಛಲ ಅವರದು, ದುಡ್ಡು ನಾಡಿನದು. ನರಸಿಂಹಯ್ಯನವರು ಬದುಕಿನ ಬಹುಭಾಗವನ್ನು ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲಿ ಹುಡುಗರ ನಡುವೆಯೇ ಕಳೆದರು. ಹಳ್ಳಿಯಿಂದ ಬಂದ ಹುಡುಗನಿಗೆ ಒಂದು ಕೋಣೆ, ಹೊತ್ತಿಗೆ ಊಟ ಎಂದರೆ ಏನೆಂದು ಬಲ್ಲವರು ಅವರು.

ಛಲಕ್ಕೆ ದಾರಿ ಬೇಕು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿ ಸೇರಿದ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದರು. ಹೈಸ್ಕೂಲಿಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕಹಾಕಿ ತೋರಿಸಿದ್ದಾರೆ. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಏರಿಕೆ ಹೆಚ್ಚು. ಹಿಂದಿನ ವರ್ಷ ‘ಓದಿನಲ್ಲಿ ಆಸಕ್ತಿ ಇಲ್ಲ’ದಿದ್ದ ಹುಡುಗಿಯರಿಗೆ ಎರಡು ಚಕ್ರ ಬಂದ ಕೂಡಲೇ ಆಸಕ್ತಿ ಹುಟ್ಟಿತೇ? ಆಸಕ್ತಿ ಮೊದಲೇ ಇತ್ತು. ಕರ್ನಾಟಕದಲ್ಲೂ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಅದೇ ಹೊತ್ತಿಗೆ, 2006-07ರಲ್ಲಿ ಬಂತು. ಸಂಜೆ ಕೆರೆ ಏರಿಯ ಮೇಲೆ ಸಾಲಾಗಿ ಹೋಗುತ್ತಿದ್ದ ಆ ಸೈಕಲ್ಲುಗಳನ್ನು ನೋಡಿದವರು ಮರೆಯುವುದಿಲ್ಲ.

ಇನ್ನು ಮುಂದೇನು ಎಂಬ ಪ್ರಶ್ನೆ. ಪ್ರತಿ ವರ್ಷ ಹತ್ತನೇ ತರಗತಿಯವರಿಗೆ ಚೀಟಿ ಕೊಟ್ಟು, ಮುಂದೆ ಏನಾಗಬೇಕು ಎಂದು ಬರೆಸುತ್ತೇನೆ. ಪೊಲೀಸ್, ಟೀಚರ್, ನರ್ಸ್, ಡಾಕ್ಟರ್, ಮಿಲಿಟರಿ, ಎಂಜಿನಿಯರ್, ಐಎಎಸ್. ನಲವತ್ತು ಚೀಟಿಗಳಲ್ಲಿ ಏಳೆಂಟು ಕೆಲಸಗಳು. ಯೋಚಿಸಿ ನೋಡಿದರೆ ಅವರು ಊರಿನಲ್ಲಿ ಅಥವಾ ಸಿನಿಮಾದಲ್ಲಿ ಕಣ್ಣಾರೆ ಕಂಡ ಕೆಲಸಗಳು ಅಷ್ಟೇ. ಕಾಣದ್ದನ್ನು ಬಯಸುವುದು ಯಾರಿಗಾದರೂ ಹೇಗೆ ಸಾಧ್ಯ?

ಅಮೆರಿಕದಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಹನ್ನೆರಡು ಲಕ್ಷ ಸಂಶೋಧಕರ ಬದುಕನ್ನು ಪರಿಶೀಲಿಸಿದರು. ಪೇಟೆಂಟ್ ಪಡೆದವರು ಹೆಚ್ಚಾಗಿರುವ ಊರಿನಲ್ಲಿ ಬೆಳೆದ ಮಕ್ಕಳೇ ಮುಂದೆ ಹೆಚ್ಚಾಗಿ ಸಂಶೋಧಕರಾಗುತ್ತಾರೆ, ಅದೂ ತಾವು ಬೆಳೆದ ಸುತ್ತಲಿನ ಕ್ಷೇತ್ರದಲ್ಲೇ. ಹುಡುಗಿಯರ ಮೇಲೆ ಪ್ರಭಾವ ಬೀರುವುದು ಸುತ್ತಲಿನ ಮಹಿಳಾ ಸಂಶೋಧಕರು. ನಮಗೆ ಇನ್ನೂ ಹತ್ತಿರದ್ದು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಅಧ್ಯಯನ. 495 ಹಳ್ಳಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾಯಿತು. ಮೀಸಲಾತಿಯಿಂದ ಸತತ ಎರಡು ಅವಧಿಗೆ ಹೆಂಗಸರೇ ಪಂಚಾಯಿತಿ ಮುಖ್ಯಸ್ಥರಾಗಿದ್ದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ತಂದೆತಾಯಿಯ ಆಸೆಗಳು ಬೆಳೆದಿದ್ದವು, ಹುಡುಗಿಯರ ಆಸೆಗಳೂ ಬೆಳೆದಿದ್ದವು. ಓದಿನಲ್ಲಿ ಗಂಡು, ಹೆಣ್ಣಿನ ಅಂತರ ಅಳಿಸಿಹೋಗಿತ್ತು. ಹೊಸ ಶಾಲೆ ಕಟ್ಟಿದ್ದರಿಂದ ಆದದ್ದಲ್ಲ. ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತು ಸಹಿ ಹಾಕುವುದನ್ನು ಹುಡುಗಿಯರು ಕಂಡರು. ಕರ್ನಾಟಕಕ್ಕೆ ಇದರಲ್ಲಿ ಹೆಮ್ಮೆಪಡುವ ಪಾಲಿದೆ. ದೇಶದ ಕಾಯ್ದೆಗಿಂತ ಮೊದಲೇ, 1983ರ ನಮ್ಮ ಕಾಯ್ದೆ ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಅದರ ಪ್ರಕಾರ ಚುನಾವಣೆ ನಡೆಯಿತು.

ದಾರಿಗಳು ಇಲ್ಲದಿರುವುದಲ್ಲ, ಕಾಣದಿರುವುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿದವರು ನೇರವಾಗಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು ಎಂಬುದು ಎಷ್ಟೋ ತಂದೆತಾಯಿಗೆ ಗೊತ್ತಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರೂ ಕರೆಯುವ ಜಿಟಿಟಿಸಿ, ಇವತ್ತು ಹಲವು ಜಿಲ್ಲೆಗಳಲ್ಲಿದೆ. ‘ಸೈನ್ಸ್ ತಗೊಂಡ್ರೆ ಎಲ್ಲ ದಾರೀನೂ ತೆಗೆದಿರುತ್ತೆ’ ಎಂಬ ಒಂದೇ ಮಾತಿಗೆ ಎಷ್ಟೋ ಮಕ್ಕಳು ಎರಡು ವರ್ಷ ತಮ್ಮದಲ್ಲದ ಓದಿನಲ್ಲಿ ಬೆವರುತ್ತಾರೆ. ಮಗುವಿನ ಒಲವು ತಿಳಿಯಲು ನಾನು ನೋಡುವುದು ಒಂದನ್ನೇ: ಯಾರೂ ಹೇಳದಿದ್ದಾಗ ಅದು ಏನು ಮಾಡುತ್ತದೆ? ಕನ್ನಡಕದ ಆ ಹುಡುಗ ರಜೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂತಿರುತ್ತಿದ್ದ, ತಾಮ್ರದ ತಂತಿಯ ಸುತ್ತು ಎಣಿಸುವಾಗ ಊಟದ ನೆನಪಿರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ದರ್ಜೆ ಬಂದಾಗ ಅವನಪ್ಪ ಬೇಸರಪಟ್ಟರು. ಅವನು ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಿದ.

ಕಳೆದ ವರ್ಷ ನಮ್ಮ ಶಾಲೆಯ ಕಾಂಪೌಂಡಿಗೆ ಒತ್ತಿಕೊಂಡ ಜಮೀನಿನ ಗಡಿ ತಕರಾರು ಬಂದು, ಸರ್ವೆ ಇಲಾಖೆಯಿಂದ ಭೂಮಾಪಕರು ಅಳತೆಗೆ ಬಂದರು. ಇಪ್ಪತ್ತೇಳು, ಇಪ್ಪತ್ತೆಂಟರ ಹೆಣ್ಣುಮಗಳು. ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರೆ ಮಕ್ಕಳೆಲ್ಲ ಗೋಡೆಗೆ ಜೋತುಬಿದ್ದಿದ್ದರು. ಕೆಲಸ ಮುಗಿದ ಮೇಲೆ ಕಾಲು ಗಂಟೆ ಮಕ್ಕಳ ಜೊತೆ ಮಾತಾಡಿ ಎಂದು ಕೇಳಿಕೊಂಡೆ. ಅವರು ಬೋರ್ಡಿನ ಮೇಲೆ ತ್ರಿಕೋನ ಬರೆದು, ಶಾಲೆಯ ಮುಂದಿನ ತೆಂಗಿನ ಮರ ಹತ್ತದೆ ಅದರ ಎತ್ತರ ಹೇಳಿದರು. ತ್ರಿಕೋನಮಿತಿಯ ಅದೇ ಲೆಕ್ಕವನ್ನು ಮಕ್ಕಳು ಆ ತಿಂಗಳು ಬೈದುಕೊಂಡು ಬಿಡಿಸುತ್ತಿದ್ದರು. ‘ನಾನೂ ಕನ್ನಡ ಮೀಡಿಯಮ್ಮೇ, ಸಿವಿಲ್ ಡಿಪ್ಲೊಮಾ ಓದಿದ್ದು’ ಎಂದರು. ಹಿಂದಿನ ಬೆಂಚಿನಲ್ಲಿ ಪಿಸುಮಾತು ನಿಂತುಹೋಯಿತು.

ಫಲಿತಾಂಶ ಬಂದ ಮರುದಿನ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಎರಡು ಪಿಯು ಕಾಲೇಜಿನ ಅರ್ಜಿಗಳು. ‘ಯಾವುದಕ್ಕೆ ಹಾಕ್ಸೋದು ಹೇಳಿ ಸಾರ್, ನಮಗೇನು ಗೊತ್ತಾಗುತ್ತೆ. ಇವಳಂತೂ ಬಾಯೇ ಬಿಡಲ್ಲ.’ ನಾನು ಅರ್ಜಿ ಮಡಿಸಿಟ್ಟು ಹುಡುಗಿಯ ಕಡೆ ತಿರುಗಿ, ನಿನಗೇನು ಇಷ್ಟ ಎಂದು ಕೇಳಿದೆ. ಅವಳು ದಾವಣಿಯ ಅಂಚು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ನೆಲ ನೋಡಿದಳು. ಅಮ್ಮ ಏನೋ ಹೇಳಹೊರಟರು, ಕೈಸನ್ನೆ ಮಾಡಿ ತಡೆದೆ.

‘ಸಾರ್,’ ಎಂದಳು ಕೊನೆಗೆ, ‘ಆ ಸರ್ವೆ ಮೇಡಂ ಮತ್ತೆ ಯಾವಾಗ ಬರ್ತಾರೆ?’